ಗಾದಿ ಮತ್ತು ಬೆಂಕಿ

ಉಮರ್ಗಾ, ನಿಲಂಗಾ, ಉದಗೀರ ಕಡೆಯ ನಮ್ಮ ಮನೆಗಳಿಗೆ ಹಿಂದೆ ಪಿಂಜಾರರು ಅರಳೆ ಹಿಂಜಿ ಗಾದಿ ತುಂಬಿಕೊಡುತ್ತಿದ್ದರು. ಈಗ ಮೊಬೈಲಿನಲ್ಲಿ ತರಿಸಿದ ಅಗ್ಗದ ಫೋಮ್ ಗಾದಿ ಸುರುಳಿಯಾಗಿ ಬಾಗಿಲಿಗೇ ಬರುತ್ತದೆ. ಎರಡೂ ಉರಿಯುವ ವಸ್ತುಗಳೇ. ಉರಿಯುವ ರೀತಿ ಮಾತ್ರ ಬೇರೆ. ಅರಳೆಗೆ ಬೀಡಿಯ ಕಿಡಿ ಬಿದ್ದರೆ ಅದು ಗಂಟೆಗಟ್ಟಲೆ ಒಳಗೊಳಗೇ ಕನಲುತ್ತದೆ. ಆರಿತೆಂದು ಮಲಗಿದವರು ಮೋಸಹೋಗುತ್ತಾರೆ. ಫೋಮಿಗೆ, ಅಂದರೆ ಪಾಲಿಯುರೆಥೇನಿಗೆ, ಜ್ವಾಲೆ ತಗಲಿದರೆ ಕೆಲವೇ ನಿಮಿಷಗಳಲ್ಲಿ ಕೋಣೆಯೆಲ್ಲ ಕಪ್ಪು ಹೊಗೆ. ಅದರಲ್ಲಿರುವ ಕಾರ್ಬನ್ ಮಾನಾಕ್ಸೈಡ್, ಹೈಡ್ರೋಜನ್ ಸಯನೈಡ್ ವಿಷಗಳಿಂದ ಬೆಂಕಿ ಮುಟ್ಟುವ ಮೊದಲೇ ಎಚ್ಚರ ತಪ್ಪಬಹುದು.

ಅಮೆರಿಕದಲ್ಲಿ ಗಾದಿಗಳನ್ನು 1973ರಿಂದ ಉರಿಯುವ ಸಿಗರೇಟಿನಿಂದ, 2007ರಿಂದ ಜ್ವಾಲೆಯಿಂದಲೂ ಪರೀಕ್ಷಿಸುವ ನಿಯಮವಿದೆ. ನಾವೋ ದರ, ದಪ್ಪ ಕೇಳುತ್ತೇವೆ. ಬೆಂಕಿಯ ಪರೀಕ್ಷೆ ಆಗಿದೆಯೇ ಎಂದು ಕೇಳುವುದಿಲ್ಲ. ಕೇಳೋಣ. ಸೊಳ್ಳೆಬತ್ತಿಯನ್ನು ಮಂಚದ ಕೆಳಗಿಡುವ ರೂಢಿ ಇಂದೇ ಬಿಡೋಣ. ಹೊಗೆ ತುಂಬಿದರೆ ಬಗ್ಗಿಕೊಂಡು ಹೊರಗೆ ಬರಬೇಕು. ಗಾದಿ ಉಳಿಸಲು ನಿಲ್ಲಬಾರದು.