ಕಡಲಾಳದಲ್ಲಿ ತೇಲುವಿಕೆಯ ಲೆಕ್ಕ

ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ನೀರೊಳಗೆ ಸಂಚರಿಸುವ ವಿದ್ಯೆಗೆ, 1943ರಲ್ಲಿ ಫ್ರಾನ್ಸಿನ ಕೂಸ್ತೋ ಮತ್ತು ಗಾನ್ಯಾನ್ ರೂಪಿಸಿದ ಉಸಿರಾಟದ ಉಪಕರಣವು ಹೊಸ ದಾರಿಯನ್ನು ತೆರೆಯಿತು. ಇಂದು ಮುರುಡೇಶ್ವರದ ಬಳಿಯ ನೇತ್ರಾಣಿ ದ್ವೀಪದಲ್ಲಿಯೂ ಪ್ರವಾಸಿಗರು ಸ್ಕೂಬಾ ಮುಳುಗಿನ ಅನುಭವ ಪಡೆಯುತ್ತಾರೆ. ಇಂತಹ ವಿನೋದದ ಮುಳುಗಿಗೆ 40 ಮೀಟರ್ ಆಳವೇ ಮೇರೆ. ಅದನ್ನು ಮೀರಿ ಇಳಿಯುವ, ಇಲ್ಲವೇ ಮೇಲೇರುವಾಗ ನಡುನಡುವೆ ಕಡ್ಡಾಯವಾಗಿ ತಂಗಬೇಕಾಗುವ ಮುಳುಗಿಗೆ ತಾಂತ್ರಿಕ ಮುಳುಗು ಎಂದು ಹೆಸರು. ಇಲ್ಲಿ ತೇಲುವ ಸಾಧನದ ಆಯ್ಕೆಯು ಪ್ರಾಣಕ್ಕೆ ಸಂಬಂಧಿಸಿದ ವಿಷಯ.

ತಂಗುವುದೇಕೆ? ಆಳದ ಒತ್ತಡದಲ್ಲಿ ಉಸಿರಾಡಿದ ನೈಟ್ರೋಜನ್ ಅನಿಲವು ರಕ್ತದಲ್ಲಿಯೂ ಅಂಗಾಂಶಗಳಲ್ಲಿಯೂ ಕರಗುತ್ತದೆ. ಮುಳುಗುಗಾರನು ಥಟ್ಟನೆ ಮೇಲೆ ಬಂದರೆ, ಸೋಡಾ ಬಾಟಲಿಯನ್ನು ತೆರೆದಾಗಿನಂತೆ ಅದು ಗುಳ್ಳೆಗಳಾಗಿ ಹೊರಬೀಳುತ್ತದೆ. ಕೀಲುನೋವು, ಅಂಗಗಳ ಸ್ವಾಧೀನ ತಪ್ಪುವುದು, ಕೆಲವೊಮ್ಮೆ ಮರಣ ಇದರ ಪರಿಣಾಮಗಳು. ಆದುದರಿಂದ 6 ಮೀಟರ್ ಆಳದಲ್ಲಿ ಏರದೆ ಇಳಿಯದೆ ಹಲವು ನಿಮಿಷ ನಿಲ್ಲುವ ಸಾಮರ್ಥ್ಯ ಅತ್ಯಗತ್ಯ.

ಮೊದಲನೆಯದು ಭಾರದ ಲೆಕ್ಕ. 12 ಲೀಟರಿನ ಎರಡು ಸಿಲಿಂಡರುಗಳನ್ನು 200 ಬಾರ್ ಒತ್ತಡಕ್ಕೆ ತುಂಬಿದರೆ ಸುಮಾರು 4800 ಲೀಟರ್ ಗಾಳಿ ಹಿಡಿಯುತ್ತದೆ. ಲೀಟರಿಗೆ ಸುಮಾರು 1.2 ಗ್ರಾಂನಂತೆ ಅದರ ತೂಕ 6 ಕಿಲೋಗೆ ಸಮೀಪ. ಗಾಳಿ ಬಹುಪಾಲು ಖರ್ಚಾದ ಮೇಲೂ ತಂಗುದಾಣದಲ್ಲಿ ನಿಲ್ಲಬೇಕಾದರೆ, ಆರಂಭದಲ್ಲಿ ಅಷ್ಟೇ ಅಧಿಕಭಾರವನ್ನು ಹೊತ್ತೇ ಇಳಿಯಬೇಕು. ಇದರ ಮೇಲೆ, 30 ಮೀಟರ್ ಆಳದಲ್ಲಿ ಒತ್ತಡ ನಾಲ್ಕು ಪಟ್ಟಾಗುವುದರಿಂದ ರಬ್ಬರ್ ಉಡುಪಿನೊಳಗಿನ ಗುಳ್ಳೆಗಳು ಕುಗ್ಗುತ್ತವೆ. ನೀರಿನ ಮೇಲ್ಮೈಯಲ್ಲಿ 6 ಕಿಲೋ ಎತ್ತುತ್ತಿದ್ದ ಉಡುಪು ಅಲ್ಲಿ 4 ಕಿಲೋದಷ್ಟು ಬಲವನ್ನು ಕಳೆದುಕೊಳ್ಳಬಹುದು. ಒಟ್ಟು ಕೊರತೆ 10 ಕಿಲೋ. ಮೇಲೆ ಬಂದಾಗ ತಲೆಯನ್ನು ನೀರಿನ ಹೊರಗಿರಿಸಲು ಇನ್ನಷ್ಟು ಬಲ ಬೇಕು. ಹೀಗಾಗಿ ಜೋಡಿ ಸಿಲಿಂಡರಿಗೆ 18ರಿಂದ 20 ಕಿಲೋ ಎತ್ತಬಲ್ಲ ಗಾಳಿಚೀಲವು ಬಳಕೆಯಲ್ಲಿದೆ.

ಚೀಲ ದೊಡ್ಡದಾದಷ್ಟೂ ಲೇಸೆಂಬುದು ಭ್ರಮೆ. 10 ಮೀಟರ್ ಆಳದಲ್ಲಿನ ಗಾಳಿಯು ನೀರಿನ ಮೇಲ್ಮೈ ತಲಪುವಷ್ಟರಲ್ಲಿ ಎರಡು ಪಟ್ಟು ಹಿಗ್ಗುತ್ತದೆ. ಸಕಾಲದಲ್ಲಿ ಹೊರಬಿಡದಿದ್ದರೆ ದೊಡ್ಡ ಚೀಲವು ಮುಳುಗುಗಾರನನ್ನು ತಡೆಯಿಲ್ಲದೆ ಮೇಲಕ್ಕೆಳೆಯುತ್ತದೆ.

ಎರಡನೆಯದು ಆಕಾರ. ಎದೆಯನ್ನು ಸುತ್ತುವ ಜಾಕೆಟಿಗಿಂತ, ಲೋಹದ ಬೆನ್ನುಫಲಕಕ್ಕೆ ಜೋಡಿಸಿದ ‘ವಿಂಗ್’ ಎಂಬ ಗಾಳಿಚೀಲವನ್ನು ತಾಂತ್ರಿಕ ಮುಳುಗುಗಾರರು ಮೆಚ್ಚುತ್ತಾರೆ. ಎದೆಯ ಭಾಗ ತೆರವಾಗಿರುತ್ತದೆ. ದೇಹ ನೀರಿನಲ್ಲಿ ಅಡ್ಡಲಾಗಿ ಸಮವಾಗಿ ನಿಲ್ಲುತ್ತದೆ. ಉಕ್ಕಿನ ಫಲಕದ ಭಾರದಿಂದ ಸೀಸದ ತೂಕವೂ ಕಡಿಮೆ ಸಾಕಾಗುತ್ತದೆ.

ಮೂರನೆಯದು ಆಪದ್ಧನ. ಚೀಲ ಹರಿದರೆ 10 ಕಿಲೋ ಅಧಿಕಭಾರವನ್ನು ಕಾಲುಬಡಿದು ಮೇಲಕ್ಕೊಯ್ಯುವುದು ದುಸ್ಸಾಧ್ಯ. ಸೀಸವನ್ನೆಲ್ಲ ಕಳಚಿದರೆ ತಂಗುದಾಣ ದಾಟಿಹೋಗುವ ಅಪಾಯ. ಆದಕಾರಣ ಗಾಳಿ ತುಂಬಬಹುದಾದ ಡ್ರೈಸೂಟ್ ಅಥವಾ ಜೋಡಿ ಕೋಶದ ಚೀಲ ಅವಶ್ಯಕ. ಎರಡು ಕೋಶಗಳಿಗೂ ಗಾಳಿ ಬೇರೆ ಬೇರೆ ರೆಗ್ಯುಲೇಟರಿನಿಂದ ಬರತಕ್ಕದ್ದು. ಇಲ್ಲವಾದರೆ ಒಂದು ಕೆಟ್ಟಾಗ ಇನ್ನೊಂದೂ ನಿರುಪಯುಕ್ತ.

ಕೊಂಡ ಸಾಧನವನ್ನು ಅನುಭವಿ ಶಿಕ್ಷಕರ ಸಮ್ಮುಖದಲ್ಲಿ, ಆಳವಿಲ್ಲದ ನೀರಿನಲ್ಲಿ ಮೊದಲು ಪರೀಕ್ಷಿಸುವುದು ಕ್ಷೇಮಕರ. ಸಿಲಿಂಡರ್ ಬರಿದಾಗುತ್ತ ಬಂದಾಗಲೂ ತಂಗುದಾಣದಲ್ಲಿ ನಿಶ್ಚಲನಾಗಿ ನಿಲ್ಲಬಲ್ಲವನ ಆಯ್ಕೆಯೇ ಸರಿಯಾದ ಆಯ್ಕೆ.