ಕೇಳಿದ ಕಥೆ, ಬರೆದ ಚಿತ್ರ
(ಮಕ್ಕಳ ಪಾಠಕ್ಕೆ ಒಂದು ದಾರಿ)



ಶಾಲೆಯಿಂದ ಬಂದ ಮಗುವನ್ನು ಹತ್ತಿರ ಕೂರಿಸಿಕೊಂಡು, “ಇವತ್ತು ಮೇಷ್ಟ್ರು ಯಾವ ಕಥೆ ಹೇಳಿದರು?” ಎಂದು ಕೇಳುವ ಪದ್ಧತಿ ನಮ್ಮ ಮನೆಗಳಲ್ಲಿ ಕಡಿಮೆಯಾಗುತ್ತಿದೆ. ಕೇಳಿದರೂ ಮಗು ಪುಸ್ತಕದ ಸಾಲುಗಳನ್ನು ಗಿಣಿಯಂತೆ ಒಪ್ಪಿಸಿ ಆಟಕ್ಕೆ ಓಡುತ್ತದೆ. ಕಥೆ ಬಾಯಿಗೆ ಬಂದಿತು ಸರಿ. ಮನಸ್ಸಿಗೆ ಇಳಿಯಿತೋ ಇಲ್ಲವೋ ಎಂದು ತಿಳಿಯುವುದು ಹೇಗೆ?

ಹೇಮಾವತಿಯ ಭಕ್ತರೊಬ್ಬರ ಪಡಸಾಲೆಯಲ್ಲಿ ಒಂದು ಸಂಜೆ ನಮಗೆ ಇದಕ್ಕೆ ಉತ್ತರ ಸಿಕ್ಕಿತು. ಅವರ ಮಗಳು ಆಯ್ದಕ್ಕಿ ಮಾರಯ್ಯನ ಕಥೆಯನ್ನು ತರಗತಿಯಲ್ಲಿ ಕೇಳಿ ಬಂದು, ಹಳೆಯ ಲೆಕ್ಕದ ಪುಸ್ತಕದ ಖಾಲಿ ಹಾಳೆಯಲ್ಲಿ ಚೌಕ ಚೌಕವಾಗಿ ಗೆರೆ ಎಳೆದು ಚಿತ್ರ ಬರೆಯುತ್ತಿದ್ದಳು. “ನೋಡಿ ಬುದ್ಧಿ, ಹಿಂಗೆ ಚಿತ್ರ ಬರ್ಕೊಂಡು ಕೂತ್ರೆ ಪಾಠ ಓದೋದ್ಯಾವಾಗ?” ಎಂದು ತಂದೆ ಬೇಸರಪಟ್ಟರು. ನಾವು ಹಾಳೆಯನ್ನು ಕೈಗೆ ತೆಗೆದುಕೊಂಡೆವು. ಒಂದು ಚೌಕದಲ್ಲಿ ಅಕ್ಕಿಯ ಗಂಟು ಬೆಟ್ಟದಷ್ಟಿತ್ತು. ಅದರ ಕೆಳಗೆ ಎರಡು ಕಾಲುಗಳು ಮಾತ್ರ ಕಾಣುತ್ತಿದ್ದವು. “ಮಾರಯ್ಯ ಎಲ್ಲಮ್ಮಾ?” ಎಂದು ಕೇಳಿದೆವು. “ಅಕ್ಕಿ ಜಾಸ್ತಿ ಆತಲ್ಲ ಬುದ್ಧಿ, ಅದುಕ್ಕೇ ಅವನು ಕಾಣ್ತಾ ಇಲ್ಲ” ಎಂದಳು.

ನಾವು ಪ್ರವಚನದಲ್ಲಿ ಒಂದು ಗಂಟೆ ವಿವರಿಸುವುದನ್ನು ಆ ಮಗು ಒಂದು ಚೌಕದಲ್ಲಿ ಹೇಳಿತ್ತು. ಅಗತ್ಯಕ್ಕಿಂತ ಹೆಚ್ಚು ಕೂಡಿಟ್ಟಾಗ ಮನುಷ್ಯನೇ ಅದರಡಿ ಮುಚ್ಚಿಹೋಗುತ್ತಾನೆ ಎಂಬುದನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಚಿತ್ರ ಬರೆಯುವಾಗ ಅವಳಿಗೇ ಹೊಳೆದಿತ್ತು. ತಂದೆ ಮತ್ತೆ ಮಾತನಾಡಲಿಲ್ಲ.

ಕಥೆಯನ್ನು ಸಾಲು ಚಿತ್ರಗಳಲ್ಲಿ ಹೇಳುವುದು ನಮ್ಮ ಸೀಮೆಗೆ ಹೊಸದೇನಲ್ಲ. ಹಿಂದೂಪುರದಿಂದ ಸುಮಾರು 15 ಕಿ.ಮೀ. ದೂರದ ಲೇಪಾಕ್ಷಿಯ ವೀರಭದ್ರ ದೇವಾಲಯವನ್ನು ನಮ್ಮಲ್ಲಿ ಅನೇಕರು ಕಂಡಿದ್ದಾರೆ. ವಿಜಯನಗರದ ಅಚ್ಯುತರಾಯನ ಕಾಲದಲ್ಲಿ, ಅಂದರೆ 16ನೆಯ ಶತಮಾನದಲ್ಲಿ, ಅದರ ಮಂಟಪದ ಮೇಲ್ಛಾವಣಿಗೆ ಗಾರೆ ಬಳಿದು ಉದ್ದುದ್ದ ಪಟ್ಟಿಗಳಲ್ಲಿ ಬಣ್ಣದ ಚಿತ್ರಗಳನ್ನು ಬರೆಯಲಾಯಿತು. ಶಿವನು ಬೇಡನಾಗಿ ಬಂದು ಅರ್ಜುನನೊಡನೆ ಕಾದಿದ ಕಥೆ ಅಲ್ಲಿದೆ. ರಾಜಕುಮಾರನ ರಥಕ್ಕೆ ಸಿಕ್ಕಿ ಕರು ಸತ್ತಾಗ ತಾಯಿ ಹಸು ಅರಮನೆಯ ಗಂಟೆ ಎಳೆದು ನ್ಯಾಯ ಬೇಡಿದ ಮನುನೀತಿ ಚೋಳನ ಕಥೆಯೂ ಇದೆ. ಒಂದೇ ಪಟ್ಟಿಯಲ್ಲಿ ಅದೇ ಅರ್ಜುನ ಮತ್ತೆ ಮತ್ತೆ ಬರುತ್ತಾನೆ. ಓದು ಬಾರದವರೂ ತಲೆಯೆತ್ತಿ ನಡೆಯುತ್ತ ಕಥೆ ತಿಳಿಯಲಿ ಎಂಬಂತೆ ಆ ಪಟ್ಟಿಗಳಿವೆ. ಇಂದಿನ ಮಕ್ಕಳ ಚಿತ್ರಕಥೆಯೂ ನಡೆಯುವುದು ಇದೇ ಕ್ರಮದಲ್ಲಿ.

ನಮ್ಮ ಕಾಲದಲ್ಲಿ ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ಅವರು 1967ರಲ್ಲಿ ‘ಅಮರ ಚಿತ್ರ ಕಥೆ’ ಮಾಲೆಯನ್ನು ಆರಂಭಿಸಿದರು. ಗ್ರೀಕ್ ಪುರಾಣದ ಪ್ರಶ್ನೆಗಳಿಗೆ ಉತ್ತರಿಸಿದ ವಿದ್ಯಾರ್ಥಿಗಳು ಶ್ರೀರಾಮನ ತಾಯಿಯ ಹೆಸರು ಹೇಳಲಾರದೆ ಹೋದದ್ದನ್ನು ಟಿ.ವಿ.ಯಲ್ಲಿ ಕಂಡು ಅವರಿಗೆ ಈ ಯೋಚನೆ ಬಂದಿತಂತೆ. ಅಂಥ ಪುಸ್ತಕಗಳನ್ನು ಕೊಂಡು ಓದಿಸುವುದು ಒಳ್ಳೆಯದೇ. ಆದರೆ ಕೊಂಡ ಪುಸ್ತಕದಲ್ಲಿ ಯಾವುದನ್ನು ತೋರಿಸಬೇಕು, ಯಾವುದನ್ನು ಬಿಡಬೇಕು ಎಂಬ ಯೋಚನೆಯನ್ನು ಬೇರೊಬ್ಬರು ಮಾಡಿ ಮುಗಿಸಿರುತ್ತಾರೆ. ಮಗು ತಾನೇ ಬರೆದಾಗ ಆ ಯೋಚನೆ ಮಗುವಿನದಾಗುತ್ತದೆ. ನಿಜವಾದ ಪಾಠ ಅದೇ.

ಇದನ್ನು ಮನೆಯಲ್ಲಿ, ಶಾಲೆಯಲ್ಲಿ ಮಾಡಿಸುವ ಕ್ರಮ ಹೀಗಿದೆ:

ಮೊದಲು ಮಗು ಕಥೆಯನ್ನು ಪುಸ್ತಕ ನೋಡದೆ ತನ್ನ ಮಾತಿನಲ್ಲಿ ಹೇಳಲಿ. ಬಳಿಕ ಒಂದು ದೊಡ್ಡ ಹಾಳೆಯನ್ನು ಮೂರು ಸಲ ಅರ್ಧಕ್ಕೆ ಮಡಿಸಿ ಬಿಚ್ಚಿದರೆ ಎಂಟು ಮನೆಗಳಾಗುತ್ತವೆ. ಮೊದಲನೆಯದು ಕಥೆಯ ಹೆಸರಿಗೆ, ಕೊನೆಯದು ಬರೆದವರ ಹೆಸರಿಗೆ. ಉಳಿದ ಆರರಲ್ಲಿ ಕಥೆ ಮುಗಿಯಬೇಕು.

ಮಾರಯ್ಯನ ಕಥೆಯನ್ನೇ ನೋಡೋಣ. ಒಂದು, ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಮಾರಯ್ಯ ಆಯುತ್ತಾನೆ. ಎರಡು, ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಸಿಗುತ್ತದೆ. ಮೂರು, ಲಕ್ಕಮ್ಮ ಗಂಟು ಬಿಚ್ಚಿ ನೋಡುತ್ತಾಳೆ. ನಾಲ್ಕು, “ನಮಗೆ ಇಷ್ಟೇಕೆ?” ಎಂದು ಕೇಳುತ್ತಾಳೆ. ಐದು, ಮಾರಯ್ಯ ಹೆಚ್ಚಿನದನ್ನು ಹಿಂದಕ್ಕೆ ಒಯ್ಯುತ್ತಾನೆ. ಆರು, ಉಳಿದಷ್ಟರಲ್ಲೇ ದಾಸೋಹ ನಡೆಯುತ್ತದೆ. ಮೂರನೆಯ ಮನೆಯಲ್ಲಿ ಮಾತೇ ಬೇಡ. ಲಕ್ಕಮ್ಮನ ಮುಖ ಸಾಕು. ಆ ಮುಖದಲ್ಲಿರುವುದು ಸಿಟ್ಟೋ, ನೋವೋ, ಆಶ್ಚರ್ಯವೋ ಎಂದು ಮಗು ಯೋಚಿಸಲಿ. ಪರೀಕ್ಷೆಯ ಯಾವ ಪ್ರಶ್ನೆಯೂ ಇಷ್ಟು ಆಳಕ್ಕೆ ಕೇಳುವುದಿಲ್ಲ.

ಪಾತ್ರದ ಮಾತನ್ನು ಮೊದಲು ಸೀಸದಕಡ್ಡಿಯಲ್ಲಿ ಬರೆದು, ಆಮೇಲೆ ಅದರ ಸುತ್ತ ಗುಳ್ಳೆಯಂತೆ ಗೆರೆ ಎಳೆಯಬೇಕು. ಗೆರೆ ಮೊದಲು ಎಳೆದರೆ ಅಕ್ಷರಕ್ಕೆ ಜಾಗ ಸಾಲದು. ಮೊದಲು ಮಾತನಾಡುವವರು ಎಡಕ್ಕಿರಲಿ. ಒಂದು ಗುಳ್ಳೆಗೆ ಏಳೆಂಟು ಪದ ಸಾಕು. ಚಿತ್ರ ಚೆನ್ನಾಗಿಲ್ಲವೆಂದು ದೊಡ್ಡವರು ತಿದ್ದಬಾರದು. ಕಡ್ಡಿಯಂಥ ಕೈಕಾಲಾದರೂ ಯಾರು ಯಾರೆಂದು ತಿಳಿದರೆ ಆಯಿತು. ಕಾಗುಣಿತವನ್ನು ಮಾತ್ರ ತಪ್ಪದೆ ತಿದ್ದಬೇಕು.

ಇಲ್ಲಿ ಗಡಿನಾಡಿನ ನಾವು ವಿಶೇಷವಾಗಿ ಗಮನಿಸಬೇಕಾದ ಮಾತೊಂದಿದೆ. 1953ರಲ್ಲಿ ಬಳ್ಳಾರಿ ಮೈಸೂರಿಗೆ ಸೇರಿದಾಗ ರಾಯದುರ್ಗ ಆಂಧ್ರದಲ್ಲಿ ಉಳಿಯಿತು; ಮಡಕಶಿರಾ ಸೀಮೆಯೂ ಉಳಿಯಿತು. 2022ರಲ್ಲಿ ಅನಂತಪುರ ಜಿಲ್ಲೆ ಒಡೆದು, ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು. ಗೆರೆಗಳು ಬದಲಾದರೂ ಅಡುಗೆಮನೆಯ ಮಾತು ಕನ್ನಡವಾಗಿಯೇ ಇದೆ. ಆದರೆ ತೆಲುಗು, ಇಂಗ್ಲಿಷ್ ಶಾಲೆಗೆ ಹೋಗುವ ನಮ್ಮ ಎಷ್ಟೋ ಮಕ್ಕಳು ಕನ್ನಡ ಆಡಬಲ್ಲರು, ಬರೆಯಲಾರರು. ಬರೆಯದ ಭಾಷೆ ಎಷ್ಟು ತಲೆಮಾರು ನಿಂತೀತು?

ಅವರಿಗೆ ಪುಟಗಟ್ಟಲೆ ಕಾಪಿ ಬರೆಯಲು ಹೇಳಿದರೆ ಓಡಿಹೋಗುತ್ತಾರೆ. ಚಿತ್ರದೊಳಗೆ ಏಳು ಪದ ಬರೆಯಲು ಯಾವ ಮಗುವೂ ಹಿಂಜರಿಯುವುದಿಲ್ಲ. ಕನ್ನಡ ತೆಲುಗು ಲಿಪಿಗಳು ಒಂದೇ ಬೇರಿನವು. ತೆಲುಗು ಬಲ್ಲ ಮಗುವಿಗೆ ತಲೆಕಟ್ಟಿನ ವ್ಯತ್ಯಾಸ ತೋರಿಸಿ, ಬೇರೆಯಾಗಿರುವ ಕೆಲವು ಅಕ್ಷರ ಕಲಿಸಿದರೆ ಕೈ ಬೇಗ ತಿರುಗುತ್ತದೆ. ಗುಳ್ಳೆಯ ಮಾತು ಮನೆಯ ಆಡುಮಾತಿನಲ್ಲೇ ಇರಲಿ. ಚೌಕದ ಮೇಲಿನ ವಿವರಣೆ ಪುಸ್ತಕದ ಕನ್ನಡದಲ್ಲಿರಲಿ. ಆಗ ಮಗು ತನ್ನ ಮಾತಿಗೆ ನಾಚುವುದಿಲ್ಲ, ಶಾಲೆಯ ಮಾತಿಗೆ ಅಂಜುವುದೂ ಇಲ್ಲ.

ತೆಲುಗನ್ನು ದೂರವಿಡಿ ಎಂದು ನಾವು ಹೇಳುತ್ತಿಲ್ಲ. ಪಾಲ್ಕುರಿಕೆ ಸೋಮನಾಥನು ತೆಲುಗಿನಲ್ಲಿ ಬಸವಪುರಾಣ ರಚಿಸಿದನು. 1369ರಲ್ಲಿ ಭೀಮಕವಿ ಅದನ್ನು ಕನ್ನಡಕ್ಕೆ ತಂದನು. ಶರಣರ ಕಥೆ ಎರಡು ಭಾಷೆಯ ನಡುವೆ ಹೀಗೆ ಓಡಾಡಿಯೇ ಬೆಳೆದಿದೆ. ಮಗು ಅದೇ ಚಿತ್ರದ ಇನ್ನೊಂದು ಪ್ರತಿಗೆ ತೆಲುಗಿನ ಮಾತು ಬರೆದು ಓರಗೆಯವರಿಗೆ ಕೊಡಲಿ. ಅದೂ ದಾಸೋಹವೇ.

ಬಂಧುಗಳೆ, ಇದಕ್ಕೆ ಖರ್ಚಿಲ್ಲ. ಅಂಗಡಿಯವರಲ್ಲಿ ಒಂದು ಕಡೆ ಖಾಲಿಯಿರುವ ಬಿಲ್ಲು, ಹಳೆಯ ಕ್ಯಾಲೆಂಡರು ಇದ್ದೇ ಇರುತ್ತವೆ. ಕಡಲೆಕಾಯಿ ಬಿಡಿಸುತ್ತ ಕೂತ ಅಜ್ಜಿಯ ಬಾಯಲ್ಲಿ ಕಥೆಗಳಿರುತ್ತವೆ. ವಾರಕ್ಕೊಂದು ಸಂಜೆ ಟಿ.ವಿ., ಮೊಬೈಲು ಆರಿಸಿ ಮಗುವಿನ ಪಕ್ಕ ಕುಳಿತರೆ ಸಾಕು. ನುಲಿಯ ಚಂದಯ್ಯ, ಮೋಳಿಗೆಯ ಮಾರಯ್ಯ, ಅಂಬಿಗರ ಚೌಡಯ್ಯ ಎಲ್ಲರೂ ದುಡಿದು ಬದುಕಿದವರು. ಹಗ್ಗ, ಕಟ್ಟಿಗೆಯ ಹೊರೆ, ದೋಣಿ ನಮ್ಮ ಮಕ್ಕಳ ಕೈಗೆ ಸುಲಭವಾಗಿ ಬರುವ ಚಿತ್ರಗಳು. ಬರೆದದ್ದನ್ನು ಗೋಡೆಗೆ ಅಂಟಿಸಿ. ಮನೆಗೆ ಬಂದವರು ಓದಲಿ. ಮಠಕ್ಕೆ ಬರುವಾಗ ನಮಗೂ ತಂದು ತೋರಿಸಿ.

ಇನ್ನು ಮುಂದೆ ಮಗು ಚಿತ್ರ ಬರೆಯುತ್ತ ಕೂತಿದ್ದರೆ “ಪಾಠ ಓದು” ಎಂದು ಗದರಿಸುವ ಮೊದಲು ಒಮ್ಮೆ ಬಗ್ಗಿ ನೋಡಿರಿ. ಅದು ಓದುತ್ತಲೇ ಇರಬಹುದು.