ಮರದ ತುಂಡು ಜೋಡಿಸುವ ಆಟ: ಮಗು ಏನು ಕಲಿಯುತ್ತದೆ?



ಮಕ್ಕಳ ವಾರ್ಡಿನಲ್ಲಿ ಒಂದು ಬುಟ್ಟಿ ಮರದ ತುಂಡುಗಳನ್ನು ಇಟ್ಟಿರುತ್ತೇವೆ. "ಹುಷಾರಿಲ್ಲದ ಮಗುವಿಗೆ ಆಟ ಯಾಕೆ ಸಿಸ್ಟರ್?" ಎಂದು ಕೇಳುವವರಿದ್ದಾರೆ. ಜ್ವರ ಇಳಿದ ಮಗು ಆಟದ ಸಾಮಾನಿಗೆ ಕೈ ಚಾಚಿತೆಂದರೆ ನಮಗೆ ಅದು ಒಳ್ಳೆಯ ಸೂಚನೆ.

ಹಿಂದೊಮ್ಮೆ ಹಳೇಬೀಡಿನ ಕಡೆಯ ಎರಡು ವರ್ಷದ ಹುಡುಗನ ಬಲಗೈಗೆ ಡ್ರಿಪ್ಸ್ ಹಾಕಿದ್ದೆವು. ಅವನು ಎಡಗೈಯಲ್ಲೇ ಮೂರು ತುಂಡು ಪೇರಿಸಿದ. ನಾಲ್ಕನೆಯದು ಇಡುವಾಗ ಎಲ್ಲ ಬಿತ್ತು. ಅಜ್ಜಿ ಕೂಡಲೇ "ತಾ ಕಂದ, ನಾನು ಕಟ್ಕೊಡ್ತೀನಿ" ಎಂದು ಎತ್ತರವಾಗಿ ಕಟ್ಟಿಕೊಟ್ಟರು. ಹುಡುಗ ಒಂದೇ ಏಟಿಗೆ ಅದನ್ನು ಕೆಡವಿ, ತಾನೇ ಮತ್ತೆ ಶುರುಮಾಡಿದ. ಈ ಸಲ ದೊಡ್ಡ ತುಂಡನ್ನು ಕೆಳಗಿಟ್ಟ! ಹಾಗೆ ಇಡಬೇಕೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಆದ್ದರಿಂದ ಬಿದ್ದರೆ ಬೀಳಲಿ, ನೀವು ಕಟ್ಟಿಕೊಡಬೇಡಿ. ಪಕ್ಕದಲ್ಲಿ ಕುಳಿತು "ಮೇಲೆ", "ಕೆಳಗೆ", "ಇನ್ನೊಂದು" ಎಂದು ಮಾತಾಡಿಸಿ. ಮಾತೂ ಎಣಿಕೆಯೂ ಹಾಗೆಯೇ ಬರುತ್ತವೆ. ಮೊಬೈಲ್ ಕೊಟ್ಟು ಸುಮ್ಮನಿರಿಸಿದರೆ ಇದು ಆಗದು.

ತುಂಡನ್ನು ಹಿಡಿಯುವುದಕ್ಕಿಂತ, ಅಲುಗದಂತೆ ಇಟ್ಟು ಬೆರಳು ಬಿಡುವುದು ಮಗುವಿಗೆ ಕಷ್ಟ. ಮುಂದೆ ಗುಂಡಿ ಹಾಕಲು, ಬಳಪ ಹಿಡಿಯಲು ಬೇಕಾದ ಹತೋಟಿ ಇಲ್ಲಿಂದಲೇ ಬರುತ್ತದೆ. ಭಾರದ ತಿಳಿವಳಿಕೆಯೂ ಅಷ್ಟೆ. 1117ರ ಬೇಲೂರು ಗುಡಿಯಲ್ಲಿ ಗಾರೆಯಿಲ್ಲದೆ ಕಲ್ಲಿಗೆ ಕಲ್ಲು ಕೂಡಿಸಿರುವುದನ್ನು ನೀವು ನೋಡಿದ್ದೀರಿ. ಮೇಲಿನದು ಕೆಳಗಿನದರ ಮೇಲೆ ಸರಿಯಾಗಿ ಕೂರಬೇಕೆಂಬುದನ್ನು ಮಗು ಕೈಯಿಂದಲೇ ತಿಳಿಯುತ್ತದೆ. ಲಗೋರಿಗೆ ಏಳು ಕಲ್ಲು ಪೇರಿಸುತ್ತಾ ನಾವೂ ತಿಳಿದದ್ದು ಹೀಗೆಯೇ.

ಸಾಮಾನ್ಯವಾಗಿ ಮಗು 15 ತಿಂಗಳಿಗೆ 2, ಒಂದೂವರೆ ವರ್ಷಕ್ಕೆ 3, ಎರಡು ವರ್ಷಕ್ಕೆ 6, ಮೂರು ವರ್ಷಕ್ಕೆ 9 ತುಂಡು ಪೇರಿಸುತ್ತದೆ. ಒಂದೆರಡು ಕಡಿಮೆಯಾದರೆ ಗಾಬರಿ ಬೇಡ. ಆದರೆ ಒಂದೂವರೆ ವರ್ಷ ದಾಟಿದರೂ ಎರಡು ತುಂಡು ಇಡಲು ಬಾರದಿದ್ದರೆ, ಒಂದು ಕೈಯನ್ನು ಸದಾ ಮುದುರಿಕೊಂಡಿದ್ದರೆ, ಮೊದಲು ಬರುತ್ತಿದ್ದುದು ಈಗ ಬಾರದಿದ್ದರೆ ತಪ್ಪದೆ ಮಕ್ಕಳ ವೈದ್ಯರಿಗೆ ತೋರಿಸಿ. "ಇವರಪ್ಪನೂ ಹೀಗೇ ನಿಧಾನ" ಎಂದು ಕಾಯುತ್ತಾ ಕೂತು, ಮೂರು ವರ್ಷದ ಮೇಲೆ ಕರೆತರುವವರನ್ನು ಕಂಡಾಗ ಬೇಸರವಾಗುತ್ತದೆ. ಬೇಗ ಬಂದಷ್ಟೂ ತರಬೇತಿಯಿಂದ ಹೆಚ್ಚು ಪ್ರಯೋಜನ.

ಅಂಗಡಿಯಿಂದಲೇ ತರಬೇಕೆಂದಿಲ್ಲ. ಅರಸೀಕೆರೆ ಸೀಮೆಯಲ್ಲಿ ತೆಂಗಿನ ಕರಟಕ್ಕೆ ಬರವೇ? ನಾರು ತೆಗೆದು, ಅಂಚು ಚೆನ್ನಾಗಿ ಉಜ್ಜಿ ಕೊಡಿ. ಬಡಗಿಯ ಬಳಿ ಉಳಿದ ತುಂಡುಗಳೂ ಆದಾವು. ಸಿಬಿರು ಇರದಂತೆ ನುಣುಪು ಮಾಡಿಸಿ. ಮನೆಗೆ ಬಳಿದು ಉಳಿದ ಬಣ್ಣ ಹಚ್ಚಬೇಡಿ, ಅದರಲ್ಲಿ ಸೀಸವಿರಬಹುದು. ಮಗುವಿನ ಮುಷ್ಟಿಗಿಂತ ಚಿಕ್ಕ ವಸ್ತು ಬೇಡ. ಬಾಯಿಗೆ ಹಾಕಿಕೊಂಡರೆ ಗಂಟಲಿಗೆ ಸಿಕ್ಕೀತು. ಖಾಲಿಯಾದ ಮಾತ್ರೆ ಡಬ್ಬಿಯನ್ನೂ ಕೊಡಬೇಡಿ. ನಾಳೆ ತುಂಬಿದ ಡಬ್ಬಿಯೂ ಅದಕ್ಕೆ ಆಟದ ಸಾಮಾನೇ.

ವಾರ್ಡಿನ ತುಂಡುಗಳನ್ನು ಆಟ ಮುಗಿದ ಮೇಲೆ ಸಿಸ್ಟರ್ ಕೈಗೆ ಕೊಡಿ. ಸೋಪಿನಲ್ಲಿ ತೊಳೆದು ಒಣಗಿಸಿ ಮುಂದಿನ ಮಗುವಿಗೆ ಕೊಡುತ್ತೇವೆ.